ಕೆಸರುಗಲ್ಲಿನಲ್ಲಿ ಎಣ್ಣೆಗೆ ಜಾಗ ಎಲ್ಲಿ?

ಪ್ರಶ್ನೆ: ನಮ್ಮ ಪಾದೂರಿನಲ್ಲಿ ಬಂಡೆ ಕೊರೆದು ಕಚ್ಚಾ ತೈಲ ತುಂಬಿಸಿ ಇಟ್ಟಿದ್ದಾರೆ. ಭೂಮಿಯಡಿ ತಾನಾಗಿ ಸಿಗುವ ಎಣ್ಣೆಯೂ ಹೀಗೆ ಗುಹೆಯಲ್ಲೇ ಇರುತ್ತದಾ? ಹಳೇ ಸರೋವರದ ಕೆಸರು ಕಲ್ಲಾಗಿ ಅದರೊಳಗೆ ಇರುತ್ತದೆ ಅಂತಾಳೆ ಮಗಳು. ನನಗೆ ನಂಬಿಕೆ ಬರ್ತಾ ಇಲ್ಲ.
– ಓದುಗರೊಬ್ಬರು, ಕಾಪು

ಉತ್ತರ: ಮಗಳು ಹೇಳಿದ್ದೇ ಸರಿ. ಪಾದೂರಿನದು ಮನುಷ್ಯರು ಕೊರೆದ ಗುಹೆ, 25 ಲಕ್ಷ ಟನ್ ಹಿಡಿಯುತ್ತದೆ. ನೆಲದಡಿಯ ಎಣ್ಣೆ ಹಾಗೆ ಹೊಂಡ ಕಟ್ಟಿ ನಿಲ್ಲುವುದಿಲ್ಲ, ಕಲ್ಲಿನ ಕಣಗಳ ಸಂದಿಯಲ್ಲಿ ಇರುತ್ತದೆ.

ಮನೆಯಲ್ಲಿ ಹಳೇ ಮಂಗಳೂರು ಹಂಚು ಇದ್ದರೆ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ತೂಗಿ, ಒಂದು ರಾತ್ರಿ ನೀರಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ಮತ್ತೆ ತೂಗಿ. ತೂಕ ಜಾಸ್ತಿ ಆಗಿರುತ್ತದೆ. ಆದರೂ ಅದೇ ಹಂಚು ಇಡೀ ಮಳೆಗಾಲ ಸೋರುವುದಿಲ್ಲ, ಅಲ್ವಾ? ಒಳಗೆ ಜಾಗ ಇದೆ, ದಾರಿ ಇಲ್ಲ. ಸರೋವರದ ಕೆಸರುಗಲ್ಲಿನ ಕಷ್ಟವೂ ಇದೇ.

ಆಳದ ಸರೋವರದ ತಳದಲ್ಲಿ ಆಮ್ಲಜನಕ ಇಲ್ಲದಿದ್ದರೆ, ಸತ್ತು ಬಿದ್ದ ಪಾಚಿ ಪೂರ್ತಿ ಕೊಳೆಯದೆ ಕೆಸರಿನ ಜೊತೆ ಹೂತುಹೋಗುತ್ತದೆ, ಲಕ್ಷಾಂತರ ವರ್ಷ ಮೇಲಿನ ಭಾರ ಮತ್ತು ಕೆಳಗಿನ ಬಿಸಿಗೆ ಸಿಕ್ಕಿ ಎಣ್ಣೆಯಾಗುತ್ತದೆ. ಆದರೆ ಕೆಸರು ಒಂದೇ ತರ ಇರುವುದಿಲ್ಲ. ನೆರೆ ಬಂದಾಗ ನದಿ ನುಣ್ಣನೆ ಮರಳಹುಡಿ ತರುತ್ತದೆ, ನೀರು ಶಾಂತವಾದಾಗ ಜೇಡಿ ಕೂರುತ್ತದೆ, ಬರಗಾಲದಲ್ಲಿ ನೀರು ಆವಿಯಾಗಿ ಬತ್ತಿದಾಗ ಸುಣ್ಣ ಕೂರುತ್ತದೆ. ಹೀಗೆ ಕಾಗದದಷ್ಟು ತೆಳು ಪದರಗಳು. ಅಮೆರಿಕದ ಗ್ರೀನ್ ರಿವರ್ ಕಲ್ಲುಗಳಲ್ಲಿ ಸುಮಾರು 5 ಕೋಟಿ ವರ್ಷ ಹಿಂದಿನ ಇಂಥ ಪದರಗಳನ್ನು ಕಣ್ಣಲ್ಲೇ ನೋಡಬಹುದು.

ಪದರ ಬದಲಾದರೆ ಸಂದಿಯೂ ಬದಲು. ಜೇಡಿ ಪದರದಲ್ಲಿ ಚಪ್ಪಟೆ ಹಾಳೆಗಳ ನಡುವೆ ನ್ಯಾನೊಮೀಟರ್ ಲೆಕ್ಕದ ಸಂದಿ. ನ್ಯಾನೊಮೀಟರ್ ಅಂದರೆ ಮಿಲಿಮೀಟರಿನ 10 ಲಕ್ಷದಲ್ಲಿ ಒಂದು ಪಾಲು! ಅಲ್ಲಿ ಎಣ್ಣೆ ಗೋಡೆಗೆ ಅಂಟಿಕೊಂಡು ಬಿಡುತ್ತದೆ. ಮರಳಹುಡಿಯಲ್ಲಿ ಸಂದಿ ದೊಡ್ಡದು. ಸುಣ್ಣದ ಪದರದಲ್ಲಿ ಹುಳಿ ನೀರು ಕರಗಿಸಿ ಮಾಡಿದ ತೂತುಗಳಿರುತ್ತವೆ. ಪದರ ಪದರಗಳ ನಡುವೆ ಬಿರುಕು ಬಿಟ್ಟಿದ್ದರೆ ಅದೇ ಎಣ್ಣೆಗೆ ಓಡುದಾರಿ. ಹಾಗಾಗಿ ಎಷ್ಟು ಎಣ್ಣೆ ಇದೆ ಅಂತ ಮಾತ್ರ ನೋಡಿದರೆ ಸಾಲದು, ಯಾವ ಪದರದಲ್ಲಿದೆ ಅಂತಲೂ ನೋಡಬೇಕು. ನನ್ನ ಪ್ರಕಾರ ಅದೇ ಮುಖ್ಯ.

ಇಂಥ ಎಣ್ಣೆ ನಮ್ಮ ದೇಶದಲ್ಲೂ ಇದೆ. ರಾಜಸ್ಥಾನದ ಬಾಡಮೇರಿನ ಮಂಗಲಾ ತೈಲಕ್ಷೇತ್ರದ ಎಣ್ಣೆ ಹುಟ್ಟಿದ್ದು ಹಳೇ ಸರೋವರದ ಕೆಸರಲ್ಲೇ. ಪಾಚಿಯ ಮೇಣ ಅದರಲ್ಲಿ ಜಾಸ್ತಿ. ಡಿಸೆಂಬರ್ ಚಳಿಗೆ ನಮ್ಮ ತೆಂಗಿನೆಣ್ಣೆ ಗಟ್ಟಿಯಾಗುತ್ತದಲ್ಲ, ಇದು ನಮ್ಮೂರ ಸೆಕೆಯಲ್ಲೂ ಗಟ್ಟಿಯಾಗುತ್ತದೆ. ಅದಕ್ಕೇ ಪೈಪನ್ನು ದಾರಿಯುದ್ದಕ್ಕೂ ಬಿಸಿ ಮಾಡಿ ಗುಜರಾತಿನ ಕರಾವಳಿಗೆ ಹರಿಸುತ್ತಾರೆ. ಆ ಎಣ್ಣೆಯನ್ನು ನಮ್ಮ ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್ ಕೂಡ ಸಂಸ್ಕರಿಸಿದೆ, ಮಗಳಿಗೆ ಹೇಳಿ.