ಬ್ರೋಷರಿನ ಹಸಿರು ಜಾಗ ಯಾರದು?

ಪ್ರಶ್ನೆ: ಫ್ಲ್ಯಾಟ್ ಬುಕ್ ಮಾಡುವಾಗ ಬ್ರೋಷರಿನಲ್ಲಿ ನಮ್ಮ ಕಟ್ಟಡದ ಪಕ್ಕ 'ಗಾರ್ಡನ್' ಎಂದು ಹಸಿರು ಬಳಿದಿತ್ತು. ಈಗ ಅಲ್ಲಿ ಸುತ್ತಲೂ ತಗಡಿನ ಪತ್ರಾ ಹೊಡೆದಿದ್ದಾರೆ, ಇನ್ನೊಂದು ಟವರ್ ಬರುತ್ತದಂತೆ. ಮಕ್ಕಳಿಗೆ ಆಡಲು ಬೇರೆ ಜಾಗವಿಲ್ಲ. ತಡೆಯಬಹುದೇ?
– ಓದುಗರು, ಉಂಡ್ರಿ, ಪುಣೆ

ಉತ್ತರ: ಆ ಹಸಿರು ಯಾವ ಬಗೆಯದು ಎಂದು ಮೊದಲು ಗೊತ್ತಾಗಬೇಕು. ಬ್ರೋಷರಿನಲ್ಲಿ ಎಲ್ಲಕ್ಕೂ ಒಂದೇ ಬಣ್ಣ, ಆದರೆ ಮಂಜೂರಾದ ನಕ್ಷೆಯಲ್ಲಿ ಅದು ಮೂರು ಬಗೆಯದಾಗಿರಬಹುದು.

ನಕ್ಷೆಯ ಮೂಲೆಯಲ್ಲಿ 'ಏರಿಯಾ ಸ್ಟೇಟ್‌ಮೆಂಟ್' ಎಂಬ ಕೋಷ್ಟಕವಿರುತ್ತದೆ. ಅದನ್ನೇ ಮೊದಲು ಓದಿ. ಅಲ್ಲಿ 'ರಿಕ್ರಿಯೇಶನಲ್ ಓಪನ್ ಸ್ಪೇಸ್' ಎಂದಿದ್ದರೆ ಅದು ನಿಮ್ಮ ಲೇಔಟಿನ ನಿವಾಸಿಗಳದ್ದು. ಮುಂಬೈ ಮತ್ತು ಇನ್ನು ಕೆಲವು ಪ್ರದೇಶ ಬಿಟ್ಟು ಉಳಿದ ಮಹಾರಾಷ್ಟ್ರಕ್ಕೆ 2020ರ ಡಿಸೆಂಬರಿನಲ್ಲಿ ಬಂದ ಏಕೀಕೃತ ಕಟ್ಟಡ ನಿಯಮಾವಳಿಯಂತೆ 4,000 ಚದರ ಮೀಟರ್ ಮತ್ತು ಮೇಲ್ಪಟ್ಟ ನಿವೇಶನದಲ್ಲಿ ಶೇ 10ರಷ್ಟು ಹೀಗೆ ಬಿಡಬೇಕು. 12,000 ಚದರ ಮೀಟರಿಗೆ 1,200. ಟೇಪು ಹಿಡಿದು ಅಳೆದು ನೋಡಿ. ಪಾರ್ಕಿಂಗಿನ ರ‍್ಯಾಂಪು, ಟ್ರಾನ್ಸ್‌ಫಾರ್ಮರ್, ವಿಸಿಟರ್ಸ್ ಪಾರ್ಕಿಂಗ್ ಒಂದೊಂದಾಗಿ ಒಳಗೆ ಸರಿದು, 1,200 ಇರಬೇಕಾದಲ್ಲಿ ಎಂಟುನೂರೋ ಒಂಬೈನೂರೋ ಉಳಿದಿರುವುದು ಹೊಸ ಸಂಗತಿಯಲ್ಲ.

'ಅಮೆನಿಟಿ ಸ್ಪೇಸ್' ಎಂದಿದ್ದರೆ ಅದು ದವಾಖಾನೆ, ಶಾಲೆ, ಉದ್ಯಾನದಂಥ ಸಾರ್ವಜನಿಕ ಬಳಕೆಯ ಜಾಗ. ಪಾಲಿಕೆಗೆ ಹಸ್ತಾಂತರವಾಗಿದೆಯೇ ಎಂದು ಕೇಳಿ.

ಮೂರನೆಯದು ಡಿಪಿ ರಿಸರ್ವೇಶನ್, ಇಲ್ಲಿನವರು ಆರಕ್ಷಣ ಎನ್ನುವುದು: ನಗರದ ಅಭಿವೃದ್ಧಿ ಯೋಜನೆಯಲ್ಲಿ (ಡಿಪಿ) ಸಾರ್ವಜನಿಕ ಬಳಕೆಗೆಂದು ಕಾದಿರಿಸಿದ ಜಾಗ. ಹೆಚ್ಚು ಜನ ಏಮಾರುವುದು ಇಲ್ಲೇ. ನಕ್ಷೆಯಲ್ಲಿ ಹಸಿರಾದ ಮಾತ್ರಕ್ಕೆ ಜಾಗ ಪಾಲಿಕೆಯದಾಗುವುದಿಲ್ಲ. 1966ರ ಎಂಆರ್‌ಟಿಪಿ (ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ) ಕಾಯ್ದೆಯ 127ನೇ ಕಲಮಿನಂತೆ, ಅಂತಿಮ ಡಿಪಿ ಜಾರಿಯಾಗಿ 10 ವರ್ಷ ಕಳೆದರೂ ಭೂಸ್ವಾಧೀನ ಆಗದಿದ್ದರೆ ಮಾಲೀಕ ನೋಟಿಸ್ ಕೊಡಬಹುದು. ಅಲ್ಲಿಂದ 24 ತಿಂಗಳೊಳಗೆ ಪಾಲಿಕೆ ಹೆಜ್ಜೆ ಇಡದಿದ್ದರೆ ಆರಕ್ಷಣವೇ ಬಿದ್ದುಹೋಗುತ್ತದೆ. ಅಂಥ ನೋಟಿಸ್ ಬಂದಿದೆಯೇ ಎಂದು ಈಗಲೇ ವಿಚಾರಿಸಿ. ಅವಧಿ ಮುಗಿದ ಮೇಲೆ ಮೋರ್ಚಾ ತೆಗೆದು ಫಲವಿಲ್ಲ.

ಕಾಗದ ಪಡೆಯಲು ಮೊದಲು ಮಹಾರೇರಾ (ರಾಜ್ಯದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣದಲ್ಲಿ ನಿಮ್ಮ ಪ್ರಾಜೆಕ್ಟ್ ತೆರೆದು ಮಂಜೂರಾದ ನಕ್ಷೆ ಇಳಿಸಿಕೊಳ್ಳಿ. ಸಿಗದ್ದಕ್ಕೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ, 30 ದಿನ. ಈ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. ಆದ್ದರಿಂದ ನಕ್ಷೆಗೊಂದು, ಹಸ್ತಾಂತರ ಪತ್ರಕ್ಕೊಂದು, 127ರ ನೋಟಿಸಿಗೊಂದು ಬೇರೆ ಬೇರೆ ಹಾಕಿ.

ಜಾಗ ನಿಮ್ಮ ಲೇಔಟಿನದೇ ಆಗಿದ್ದು, ಮಂಜೂರಾದ ನಕ್ಷೆಯನ್ನೇ ಬದಲಿಸಲು ಹೊರಟಿದ್ದರೆ, ರೇರಾ ಕಾಯ್ದೆಯ 14ನೇ ಕಲಮಿನಂತೆ ಮೂರನೇ ಎರಡರಷ್ಟು ಖರೀದಿದಾರರ ಲಿಖಿತ ಒಪ್ಪಿಗೆ ಮೊದಲೇ ಬೇಕು. ಅಗ್ರಿಮೆಂಟಿನ ಜೊತೆ ಒಪ್ಪಿಗೆ ಪತ್ರಕ್ಕೂ ಸಹಿ ಹಾಕಿಸಿಕೊಂಡಿದ್ದಾರೆಯೇ, ಒಮ್ಮೆ ತೆಗೆದು ನೋಡಿ. ಬ್ರೋಷರನ್ನಂತೂ ರದ್ದಿಗೆ ಹಾಕಲೇಬೇಡಿ. ಅದರ ಸುಳ್ಳು ಮಾತು ನಂಬಿ ಹಣ ಕೊಟ್ಟವರಿಗೆ 12ನೇ ಕಲಮಿನಲ್ಲಿ ಪರಿಹಾರವಿದೆ.

ಪ್ರಶ್ನೆ: ನಮ್ಮದು 300 ಫ್ಲ್ಯಾಟಿನ ಸೊಸೈಟಿ. ಪಕ್ಕದಲ್ಲಿ ಹೊಸ ಟವರುಗಳು ಎದ್ದ ಮೇಲೆ ಬೋರ್‌ವೆಲ್ ಬತ್ತಿ, ಟ್ಯಾಂಕರ್ ಖರ್ಚು ಮೇಂಟೆನೆನ್ಸನ್ನೇ ನುಂಗುತ್ತಿದೆ. ಏನು ಮಾಡೋಣ?
– ಓದುಗರು, ವಾಘೋಲಿ

ಉತ್ತರ: ವಾಘೋಲಿ 2021ರಲ್ಲಿ ಪುಣೆ ಪಾಲಿಕೆಗೆ ಸೇರಿದ 23 ಹಳ್ಳಿಗಳಲ್ಲೊಂದು. ಹಳ್ಳಿ ಸೇರಿದ ದಿನವೇ ಕೊಳವೆ ಬರುವುದಿಲ್ಲ. ಇಂಥ ಕಡೆ ಪಾಲಿಕೆಯ ನೀರು ಬರುವವರೆಗೆ ತಾನೇ ಒದಗಿಸುತ್ತೇನೆಂದು ಬಿಲ್ಡರ್ ಹಮೀಪತ್ರ (ಮುಚ್ಚಳಿಕೆ) ಬರೆದುಕೊಡುವುದುಂಟು. ಕಟ್ಟಡ ಪರವಾನಗಿಯ ಕಡತದಿಂದ ಅದರ ಪ್ರತಿ ತೆಗೆಸಿ. ಸಿಕ್ಕರೆ ಟ್ಯಾಂಕರ್ ಖರ್ಚನ್ನು ಬಿಲ್ಡರನಿಂದ ಕೇಳಲು ಅದೇ ಆಧಾರ.

ಇನ್ನು ಲೆಕ್ಕ. ಮನೆಗೆ ನಾಲ್ಕೂವರೆ ಜನರಂತೆ 1,350 ಮಂದಿ, ತಲೆಗೆ ದಿನಕ್ಕೆ 135 ಲೀಟರ್ ಎಂದರೆ 1,82,250 ಲೀಟರ್. ಹತ್ತು ಸಾವಿರ ಲೀಟರಿನ 18 ಟ್ಯಾಂಕರ್! ಆದರೆ ಆ 135ರಲ್ಲಿ 45 ಲೀಟರ್ ಫ್ಲಶ್‌ಗೆ ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆಯೇ ಹಿಡಿಯುತ್ತದೆ. ಎಸ್‌ಟಿಪಿಯ (ಕೊಳಚೆ ನೀರು ಶುದ್ಧೀಕರಣ ಘಟಕದ) ನೀರು ಫ್ಲಶ್‌ಗೆ ಹೋದರೆ ದಿನಕ್ಕೆ ಆರು ಟ್ಯಾಂಕರ್ ಉಳಿಯಿತು. ಎರಡು ಪೈಪ್‌ಲೈನ್ ಹಾಕಿಯೂ, ವಾಸನೆ, ಕರೆಂಟ್ ಬಿಲ್ಲು ಎಂದು ಎಸ್‌ಟಿಪಿ ನಿಲ್ಲಿಸಿ ಫ್ಲಶ್ ಟ್ಯಾಂಕಿಗೂ ದುಡ್ಡು ಕೊಟ್ಟ ನೀರನ್ನೇ ಬಿಡುವ ಸೊಸೈಟಿಗಳಿವೆ. ತಾರಸಿಗೆ ಹೋಗಿ ಫ್ಲಶ್ ಟ್ಯಾಂಕಿನ ವಾಲ್ವ್ ಯಾವ ಲೈನಿಗೆ ತೆರೆದಿದೆ ನೋಡಿ.

ಪಕ್ಕದ ಟವರುಗಳ ಒಟ್ಟು ಕಟ್ಟಡ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದ್ದರೆ ಅವಕ್ಕೆ ಪರಿಸರ ಅನುಮತಿ ಕಡ್ಡಾಯ. ಕೇಂದ್ರ ಪರಿಸರ ಸಚಿವಾಲಯದ 'ಪರಿವೇಶ್' ಜಾಲತಾಣದಲ್ಲಿ ಆ ಪತ್ರ ಹುಡುಕಿ, ನೀರು ಎಲ್ಲಿಂದ ತರುತ್ತೇವೆಂದು ಬರೆದಿದ್ದಾರೆ ಓದಿ. ಬೋರ್‌ವೆಲ್ ಇಲ್ಲವೆಂದು ಬರೆದು ಕೊರೆದಿದ್ದರೆ ಫೋಟೋ ಸಮೇತ ದೂರು ಕೊಡಿ.

ಪ್ರಶ್ನೆ: ಪೋಡಿಯಂ (ಕೆಳಗಿನ ಪಾರ್ಕಿಂಗ್ ಮಹಡಿಗಳ ಸ್ಲ್ಯಾಬು) ಮೇಲಿನ ಉದ್ಯಾನ ಕಡ್ಡಾಯ ತೆರೆದ ಜಾಗದ ಲೆಕ್ಕಕ್ಕೆ ಬರುತ್ತದೆಯೇ?
– ಓದುಗರು, ಮುಲುಂಡ್, ಮುಂಬೈ

ಉತ್ತರ: ಮುಂಬೈಯ 1991ರ ನಿಯಮಾವಳಿಯಡಿ ಕಡ್ಡಾಯವಾದ ಮನರಂಜನಾ ಜಾಗ ನೆಲದ ಮೇಲೇ ಇರಬೇಕೆಂದು ಸುಪ್ರೀಂ ಕೋರ್ಟ್ 2013ರ ಡಿಸೆಂಬರಿನಲ್ಲಿ ಹೇಳಿದೆ. ನಿಮ್ಮ ನಕ್ಷೆ 2018ರ ನಂತರ ಹೊಸ ನಿಯಮಾವಳಿಯಡಿ ಮಂಜೂರಾಗಿದ್ದರೆ ಅದರ 27ನೇ ನಿಯಮ ನೋಡಿ. ಸ್ಲ್ಯಾಬಿನ ಮೇಲಿನ ಎರಡಡಿ ಮಣ್ಣಿನಲ್ಲಿ ಹುಲ್ಲು, ಕ್ರೋಟನ್ ಬೆಳೆದೀತು. ಬೇವು, ಹೊಂಗೆಗೆ ಬೇರು ಇಳಿಸಲು ನೆಲವೇ ಬೇಕು.