ಅರ್ಜಿ ಆನ್‌ಲೈನ್, ಕಡತ ಮಾತ್ರ ಮೇಜಿನ ಮೇಲೆ

ಸರ್ಕಾರಿ ಸೇವೆಗಳನ್ನು ಡಿಜಿಟಲ್ ಮಾಡುವ ಬಗ್ಗೆ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಆಯ್ದ ಕೆಲವಕ್ಕೆ ಈ ಸಲದ ಉತ್ತರ.

ಪ್ರಶ್ನೆ: ನಮ್ಮ ಸ್ಥಳೀಯ ಸಂಸ್ಥೆಯ ಹತ್ತಾರು ಸೇವೆಗಳು ಆನ್‌ಲೈನ್ ಆಗಿವೆ. ಅರ್ಜಿ ಹಾಕುವುದು ಸುಲಭವಾಗಿದೆ, ಆದರೆ ಪ್ರಮಾಣಪತ್ರ ಕೈಗೆ ಬರಲು ಮೊದಲಿನಷ್ಟೇ ದಿನ ಹಿಡಿಯುತ್ತದೆ. ಜನ ಕಚೇರಿಗೆ ಅಲೆಯುವುದೂ ತಪ್ಪಿಲ್ಲ. ಎಲ್ಲಿ ಎಡವಿದ್ದೇವೆ?

ಉತ್ತರ: ಆನ್‌ಲೈನ್ ಆಗಿರುವುದು ಅರ್ಜಿ, ಸೇವೆಯಲ್ಲ. ಇಂಥ ಕಚೇರಿಗಳ ಒಳಗೆ ಹೊಕ್ಕು ನೋಡಿದರೆ ಸಾಮಾನ್ಯವಾಗಿ ಕಾಣುವುದಿಷ್ಟು: ವೆಬ್‌ಸೈಟಿಗೆ ಬಂದ ಅರ್ಜಿಯನ್ನು ಗುಮಾಸ್ತರು ಪ್ರಿಂಟ್ ತೆಗೆದು ಕಡತ ಕಟ್ಟುತ್ತಾರೆ, ಟಿಪ್ಪಣಿ ಬರೆದು ಮೇಲಕ್ಕೆ ಕಳಿಸುತ್ತಾರೆ, ಸಹಿಯಾಗಿ ಬಂದದ್ದನ್ನು ಸ್ಕ್ಯಾನ್ ಮಾಡಿ ಮತ್ತೆ ವೆಬ್‌ಸೈಟಿಗೆ ಏರಿಸುತ್ತಾರೆ. ಹಳೆಯ ಕೆಲಸ ಹಾಗೇ ಉಳಿದು, ಅದರ ಮೇಲೆ ಹೊಸ ಕೆಲಸ ಬಿದ್ದಿದೆ. ಅಭಿವೃದ್ಧಿಶೀಲ ದೇಶಗಳ ಇ-ಆಡಳಿತ ಯೋಜನೆಗಳನ್ನು ಪರಿಶೀಲಿಸಿದ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ರಿಚರ್ಡ್ ಹೀಕ್ಸ್ 2003ರಲ್ಲಿ ಕೊಟ್ಟ ಅಂದಾಜಿನಲ್ಲಿ ಶೇ 35ರಷ್ಟು ಪೂರ್ತಿ ವಿಫಲ, ಶೇ 50ರಷ್ಟು ಅರೆಬರೆ, ಯಶಸ್ವಿಯಾದವು ಶೇ 15 ಮಾತ್ರ. ವಿನ್ಯಾಸ ಮಾಡಿದವರ ಕಲ್ಪನೆಗೂ ಕಚೇರಿಯ ವಾಸ್ತವಕ್ಕೂ ಇರುವ ಅಂತರವೇ ಇದಕ್ಕೆ ಮೂಲ ಎಂಬುದು ಅವರ ವಾದ. ಅಂಕಿ ಹಳೆಯದಾಯಿತು, ವಾದ ಹಳೆಯದಾಗಿಲ್ಲ.

ಸದ್ಯಕ್ಕೆ ತಂತ್ರಾಂಶ ಬಿಟ್ಟು ಕಡತ ಹಿಡಿಯಿರಿ. ಅತಿ ಹೆಚ್ಚು ಅರ್ಜಿ ಬರುವ ಒಂದೇ ಒಂದು ಸೇವೆಯನ್ನು ಆರಿಸಿ, ವಿಲೇವಾರಿಯಾದ 50 ಕಡತ ತೆಗೆಸಿ. ಚೆನ್ನಾಗಿ ನಡೆದದ್ದನ್ನೇ ಆರಿಸಿ ಕೊಡುವ ಸಂಭವ ಇರುವುದರಿಂದ, ವಹಿಯಲ್ಲಿ ಪ್ರತಿ ಹತ್ತನೆಯದನ್ನು ಕೇಳಿ. ಒಂದೊಂದು ಮೇಜಿಗೂ ಕಡತ ಬಂದ ದಿನ, ಬಿಟ್ಟ ದಿನ ಬರೆದುಕೊಳ್ಳಿ. ಪಕ್ಕದಲ್ಲಿ ಆ ಮೇಜಿನಲ್ಲಿ ನಿಜಕ್ಕೂ ಎಷ್ಟು ನಿಮಿಷದ ಕೆಲಸ ಇತ್ತು ಎಂದು ಬರೆಯಿರಿ. ಇಪ್ಪತ್ತು ದಿನ ಓಡಾಡಿದ ಕಡತದಲ್ಲಿ ಒಟ್ಟು ಕೆಲಸ ಅರ್ಧ ಗಂಟೆಯದ್ದೂ ಇಲ್ಲ ಎಂದು ಗೊತ್ತಾದರೆ ಆಶ್ಚರ್ಯಪಡಬೇಡಿ. ಉಳಿದದ್ದೆಲ್ಲ ಕಾಯುವಿಕೆ. ಅರ್ಜಿದಾರರ ಕಡೆಯಿಂದಲೂ ಲೆಕ್ಕ ಬೇಕು. ಬಾಂಗ್ಲಾದೇಶದಲ್ಲಿ ಇದಕ್ಕೆ ಮೂರೇ ಅಳತೆ ಇಟ್ಟುಕೊಂಡಿದ್ದಾರೆ: ಹಿಡಿದ ಸಮಯ, ಆದ ಖರ್ಚು, ಕಚೇರಿಗೆ ಬಂದ ಸಲ. ಖರ್ಚೆಂದರೆ ಬರೀ ಶುಲ್ಕವಲ್ಲ, ಪ್ರಯಾಣ ಮತ್ತು ಕಳೆದುಹೋದ ಕೂಲಿ ಸೇರಿ.

ಆಮೇಲೆ ಕತ್ತರಿ ಹಾಕಿ. ನಿಮ್ಮದೇ ಕಚೇರಿ ಕೊಟ್ಟ ಕಾಗದವನ್ನು ಮತ್ತೆ ಜನರಿಂದ ಕೇಳುತ್ತಿದ್ದರೆ ಅದನ್ನು ಪಟ್ಟಿಯಿಂದ ತೆಗೆಯಿರಿ. 'ಮುಂದಿನ ಆದೇಶಕ್ಕಾಗಿ ಮಂಡಿಸಿದೆ' ಎಂದು ಬರೆದು ದಾಟಿಸುವುದಷ್ಟೇ ಕೆಲಸವಾಗಿರುವ ಮೇಜನ್ನೂ ಸರಪಳಿಯಿಂದ ಬಿಡಿ. ಇವೆರಡಕ್ಕೆ ತಂತ್ರಾಂಶ ಬೇಕಿಲ್ಲ, ಸುತ್ತೋಲೆ ಸಾಕು. ಅದು ಬಂದ ಮೇಲಷ್ಟೇ ತಂತ್ರಾಂಶದವರನ್ನು ಕರೆಯಿರಿ.

ಕರ್ನಾಟಕದಲ್ಲಿ 2001ರ ಹೊತ್ತಿಗೆ ಬಂದ 'ಭೂಮಿ' ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ್ದು ಎಲ್ಲರಿಗೂ ಗೊತ್ತು. ಅಷ್ಟಾಗಿ ಮಾತಿಗೆ ಬರದ ಮೂರು ಸಂಗತಿಗಳು ಅದರಲ್ಲಿದ್ದವು. ಖಾತೆ ಬದಲಾವಣೆಯ ಅರ್ಜಿಗಳಿಗೆ ಮೊದಲು ಬಂದದ್ದು ಮೊದಲು ಎಂಬ ಕ್ರಮವನ್ನು ತಂತ್ರಾಂಶವೇ ಹಾಕಿತ್ತು. ಪಾಸ್‌ವರ್ಡ್ ಬೇರೆಯವರ ಕೈಗೆ ಹೋಗದಂತೆ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು. ಕೈಬರಹದ ಪಹಣಿಯ ಮಾನ್ಯತೆಯನ್ನು ರದ್ದು ಮಾಡಲಾಯಿತು. ಕೊನೆಯದೇ ಮುಖ್ಯ. ಹಳೆಯ ದಾರಿ, ಹೊಸ ದಾರಿ ಎರಡೂ ತೆರೆದಿದ್ದರೆ ಸಿಬ್ಬಂದಿ ಹಳೆಯದರಲ್ಲೇ ನಡೆಯುತ್ತಾರೆ, ದಾಖಲೆ ಎರಡಾಗುತ್ತದೆ, ಎರಡರಲ್ಲಿ ಯಾವುದು ಸರಿ ಎಂಬ ತಗಾದೆ ಹುಟ್ಟುತ್ತದೆ.

ಕೊನೆಗೆ ಗಡುವು. ಕರ್ನಾಟಕದ್ದೇ 'ಸಕಾಲ' 2012ರಲ್ಲಿ ಶುರುವಾದಾಗ ಪ್ರತಿ ಅರ್ಜಿಗೂ ಒಂದು ಸಂಖ್ಯೆ, ಕಾನೂನಿನಲ್ಲೇ ನಿಗದಿಯಾದ ದಿನ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಎಂದಿತ್ತು. ಗಡುವು ಇಟ್ಟ ಕಡೆಯಲ್ಲೆಲ್ಲ ಒಂದು ಕಳ್ಳದಾರಿ ಹುಟ್ಟುತ್ತದೆ, ಅದನ್ನು ಮೊದಲೇ ಮುಚ್ಚಿ: ಕೊನೆಯ ದಿನ 'ದಾಖಲೆ ಅಪೂರ್ಣ' ಎಂದು ಅರ್ಜಿ ತಿರಸ್ಕರಿಸಿದರೆ ಲೆಕ್ಕದಲ್ಲಿ ಅದು ಸಮಯಕ್ಕೆ ಸರಿಯಾಗಿ ವಿಲೇವಾರಿ! ತಿರಸ್ಕಾರದ ಕಾರಣವನ್ನು ನಿಗದಿತ ಪಟ್ಟಿಯಿಂದಲೇ ಆರಿಸುವಂತೆ ಮಾಡಿ. ದಾಖಲೆ ಸಾಲದು ಎಂದು ಹೇಳುವ ಅವಕಾಶ ಒಂದೇ ಸಲ, ಅದೂ ಮೊದಲ ಎರಡು ದಿನದೊಳಗೆ ಇರಲಿ. ಅದೇ ವ್ಯಕ್ತಿ ಅದೇ ಸೇವೆಗೆ 60 ದಿನದೊಳಗೆ ಮತ್ತೆ ಅರ್ಜಿ ಹಾಕಿದರೆ ಅದನ್ನು ಹೊಸದೆಂದು ಎಣಿಸಬೇಡಿ, ಹಳೆಯ ಅರ್ಜಿಯ ಗಡಿಯಾರವೇ ಮುಂದುವರಿಯಲಿ.

ಪ್ರಶ್ನೆ: ಸ್ಮಾರ್ಟ್‌ಫೋನ್ ಇಲ್ಲದವರ ಗತಿ ಏನು? ಆ್ಯಪ್ ಮಾಡಿದರೆ ಅವರು ಹೊರಗುಳಿಯುವುದಿಲ್ಲವೇ?

ಉತ್ತರ: ಉಳಿಯುತ್ತಾರೆ. ಅದಕ್ಕೇ ಆ್ಯಪ್ ಕೊನೆಗಿರಲಿ. ಇಂಟರ್‌ನೆಟ್ ಇಲ್ಲದ ಸಾದಾ ಫೋನಿನಲ್ಲೂ ನಡೆಯುವ ಯುಎಸ್‌ಎಸ್‌ಡಿ ಎಂಬ ವ್ಯವಸ್ಥೆ ಇದೆ. ನಕ್ಷತ್ರದ ಗುರುತಿನಿಂದ ಶುರುವಾಗಿ ಹ್ಯಾಷ್‌ನಿಂದ ಮುಗಿಯುವ ಸಂಖ್ಯೆ ಒತ್ತಿದರೆ ಪರದೆಯ ಮೇಲೆ ಆಯ್ಕೆಗಳು ಬರುತ್ತವೆಯಲ್ಲ, ಅದು. ಪಶ್ಚಿಮ ಆಫ್ರಿಕಾದ ಟೋಗೊ ದೇಶ 2020ರ ಏಪ್ರಿಲ್‌ನಲ್ಲಿ, ಕೋವಿಡ್ ನಿರ್ಬಂಧದ ನಡುವೆ, 'ನೋವಿಸಿ' ಎಂಬ ನಗದು ನೆರವನ್ನು ಹೀಗೇ ಹಂಚಿತು. ಜನ *855# ಒತ್ತಿ ಮತದಾರರ ಚೀಟಿಯ ವಿವರ ಕೊಟ್ಟರು, ಹಣ ಮೊಬೈಲ್ ಖಾತೆಗೆ ಬಂತು. ಅದೇ ವರ್ಷದ ಚುನಾವಣೆಗೆಂದು ಮತದಾರರ ಪಟ್ಟಿ ಆಗತಾನೇ ಪರಿಷ್ಕರಣೆಯಾಗಿದ್ದು ಅವರಿಗೆ ಅನುಕೂಲವಾಯಿತು. ಪಟ್ಟಿ ಹಳತಾಗಿದ್ದರೆ ಇಷ್ಟು ಬೇಗ ಆಗುತ್ತಿರಲಿಲ್ಲ.

ಕಟ್ಟುವಾಗ ಎಡವುವುದು ಅಕ್ಷರದ ಮಿತಿಯಲ್ಲಿ. ಯುಎಸ್‌ಎಸ್‌ಡಿಯ ಒಂದು ಪರದೆಗೆ ರೋಮನ್ ಲಿಪಿಯಲ್ಲಿ 182 ಅಕ್ಷರ ಹಿಡಿಯುತ್ತದೆ, ಕನ್ನಡದಂಥ ಯೂನಿಕೋಡ್ ಲಿಪಿಗಳಲ್ಲಿ ಸುಮಾರು 80. ಎಸ್‌ಎಂಎಸ್‌ನಲ್ಲಿ 160ರ ಬದಲು 70. ಅದಕ್ಕಿಂತ ಉದ್ದವಾದರೆ 67ರ ತುಂಡುಗಳಾಗಿ ಒಡೆದು, ತುಂಡಿಗೊಂದರಂತೆ ಬಿಲ್ ಬೀಳುತ್ತದೆ. ಕನ್ನಡದಲ್ಲಿ 'ಕ್ಷಿ' ನಮ್ಮ ಕಣ್ಣಿಗೆ ಒಂದಕ್ಷರ, ಯಂತ್ರಕ್ಕೆ ನಾಲ್ಕು. ಆದ್ದರಿಂದ 'ನಿಮ್ಮ ಅರ್ಜಿಯನ್ನು ಪರಿಶೀಲನೆಗಾಗಿ ಸ್ವೀಕರಿಸಲಾಗಿದೆ' ಎಂದು ಎಳೆಯದೆ 'ಅರ್ಜಿ ಬಂದಿದೆ' ಎಂದು ಮುಗಿಸಿ, ಸಂಖ್ಯೆ ಮತ್ತು ತಾರೀಖಿಗೆ ಜಾಗ ಬಿಡಿ. ಒಂದು ಪರದೆಗೆ ನಾಲ್ಕೈದಕ್ಕಿಂತ ಹೆಚ್ಚು ಆಯ್ಕೆ ಬೇಡ. ಓದಿ ಮುಗಿಸುವಷ್ಟರಲ್ಲಿ ಸಂಪರ್ಕ ಕಡಿದರೆ ಮೊದಲಿಂದ ಶುರು ಮಾಡಬೇಕಾಗದಂತೆ, ತುಂಬಿದಷ್ಟನ್ನು ಸರ್ವರ್ ಉಳಿಸಿಕೊಳ್ಳಲಿ.

ಫೋನೇ ಇಲ್ಲದವರಿಗೆ, ಓದಲು ಬಾರದವರಿಗೆ ಮನುಷ್ಯರೇ ಬೇಕು. ಬಾಂಗ್ಲಾದೇಶ 2010ರಲ್ಲಿ ತನ್ನ ಸುಮಾರು 4,500 ಯೂನಿಯನ್‌ಗಳಲ್ಲಿ, ಅಂದರೆ ಅಲ್ಲಿನ ಅತಿ ಕೆಳಹಂತದ ಸ್ಥಳೀಯ ಆಡಳಿತ ಘಟಕಗಳಲ್ಲಿ, ಡಿಜಿಟಲ್ ಕೇಂದ್ರ ತೆರೆದಾಗ ಪ್ರತಿ ಕೇಂದ್ರಕ್ಕೂ ಒಬ್ಬ ಪುರುಷ, ಒಬ್ಬ ಮಹಿಳೆ ಇರಬೇಕೆಂದು ವ್ಯವಸ್ಥೆ ಮಾಡಿತು. ಇಂಥ ಕೇಂದ್ರ ನಡೆಸುವವರಿಗೆ ಸರ್ಕಾರಿ ಸೇವೆಯ ಕಮಿಷನ್ ಒಂದರಿಂದಲೇ ಹೊಟ್ಟೆ ತುಂಬುವುದು ಕಷ್ಟ. ಫೋಟೊ ತೆಗೆಯುವುದು, ಜೆರಾಕ್ಸ್, ಹಣ ರವಾನೆಗೂ ಅವಕಾಶ ಕೊಡಿ. ಇಲ್ಲವಾದರೆ ಕೇಂದ್ರಕ್ಕೆ ಬೀಗ ಬೀಳುತ್ತದೆ, ಇಲ್ಲವೇ ಶುಲ್ಕದ ಮೇಲೆ 'ಮೇಲ್ಖರ್ಚು' ಹತ್ತುತ್ತದೆ.

ಪ್ರಶ್ನೆ: ಗುರುತಿನ ಸಂಖ್ಯೆ ಜೋಡಿಸಿದ ಮೇಲೆ ಅರ್ಹರೇ ಪಟ್ಟಿಯಿಂದ ಬಿಟ್ಟುಹೋಗುತ್ತಿದ್ದಾರೆ. ಬೆರಳಚ್ಚು ಹೊಂದುವುದಿಲ್ಲ, ಹೆಸರು ಹೊಂದುವುದಿಲ್ಲ. ಇದಕ್ಕೆ ದಾರಿ?

ಉತ್ತರ: ಎರಡೂ ಬೇರೆ ರೋಗ. ವಯಸ್ಸಾದವರ, ಕೈಕೆಲಸದವರ ಬೆರಳ ಗೆರೆ ಸವೆದಿರುತ್ತದೆ. ಒಣ ಚರ್ಮ, ಧೂಳು ಕೂತ ಸ್ಕ್ಯಾನರ್, ಕುಂಟುವ ನೆಟ್‌ವರ್ಕ್ ಸೇರಿಕೊಳ್ಳುತ್ತವೆ. ನೂರಕ್ಕೆ ಎರಡು ಸಲ ತಪ್ಪಿದರೆ ಪರವಾಗಿಲ್ಲ ಅನ್ನಿಸಬಹುದು. ತಿಂಗಳಿಗೆ 10 ಲಕ್ಷ ಜನ ಬರುವ ಯೋಜನೆಯಲ್ಲಿ ಅದು ಬರಿಗೈಯಲ್ಲಿ ವಾಪಸಾಗುವ 20 ಸಾವಿರ ಜನ. ಒಂದು ಬೆರಳು ಸೋತರೆ ಬೇರೆ ಬೆರಳು, ಆಮೇಲೆ ಕಣ್ಣಿನ ಪಾಪೆ ಅಥವಾ ಒಟಿಪಿ, ಅದೂ ಆಗದಿದ್ದರೆ ವಹಿಯಲ್ಲಿ ಸಹಿ ಪಡೆದು ಸೇವೆ ಕೊಡುವುದು ಎಂಬ ಕ್ರಮ ಲಿಖಿತವಾಗಿರಲಿ. ಈ ಕೊನೆಯ ದಾರಿ ಬಳಸಿದ ಸಿಬ್ಬಂದಿಯನ್ನು ಕಳ್ಳರಂತೆ ನೋಡಿದರೆ ಮುಂದಿನ ಸಲ ಅವರು 'ಸರ್ವರ್ ಡೌನ್' ಎಂದು ಕೈ ಚೆಲ್ಲುತ್ತಾರೆ.

ಹೆಸರಿನ ತೊಂದರೆ ದತ್ತಾಂಶದ್ದು. ಒಂದು ಪಟ್ಟಿಯಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಪೂರ್ಣ ಹೆಸರು. ಒಂದರಲ್ಲಿ ಮದುವೆಗೆ ಮುಂಚಿನ ಹೆಸರು, ಇನ್ನೊಂದರಲ್ಲಿ ಆಮೇಲಿನದು. ಅಕ್ಷರಕ್ಕೆ ಅಕ್ಷರ ಹೊಂದಿಸಲು ಹೋದರೆ ಇವರೆಲ್ಲ ಬೇರೆ ಬೇರೆ ಮನುಷ್ಯರು. ಪಟ್ಟಿಯಲ್ಲಿ ಜನವರಿ 1ರಂದು ಹುಟ್ಟಿದವರು ಎಷ್ಟಿದ್ದಾರೆ ಎಂದು ಒಮ್ಮೆ ಎಣಿಸಿ ನೋಡಿ. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ನೋಂದಣಿ ಮಾಡುವವರು ಅದನ್ನೇ ಬರೆದಿರುತ್ತಾರೆ, ಹಾಗಾಗಿ ಹೆಸರು ಮತ್ತು ಜನ್ಮದಿನ ಹೊಂದಿದ ಮಾತ್ರಕ್ಕೆ ಇಬ್ಬರೂ ಒಬ್ಬರೇ ಎನ್ನುವಂತಿಲ್ಲ. ಹೋಲಿಕೆಗೆ ಅಂಕ ಕೊಡಿ: ಪೂರ್ತಿ ಹೊಂದಿದ್ದನ್ನು ಯಂತ್ರ ಒಪ್ಪಲಿ, ನಡುವಿನದನ್ನು ಸ್ಥಳೀಯ ಸಿಬ್ಬಂದಿ ಮನೆಗೆ ಹೋಗಿ ನೋಡಲಿ. ಯಂತ್ರ ತಾನಾಗಿ ಯಾರ ಹೆಸರನ್ನೂ ಅಳಿಸಬಾರದು. ತೆಗೆಯುವ ಮುನ್ನ ನೋಟಿಸು, 30 ದಿನ ಕಾಲಾವಕಾಶ, ಅಲ್ಲಿಯವರೆಗೆ ಸವಲತ್ತು ಮುಂದುವರಿಯಬೇಕು.

ಪ್ರಶ್ನೆ: ತಂತ್ರಾಂಶ ಮಾಡಿಕೊಟ್ಟ ಕಂಪನಿ ಹೋದರೆ ವ್ಯವಸ್ಥೆಯೇ ನಿಲ್ಲುತ್ತದೆಯಂತೆ. ಒಪ್ಪಂದದಲ್ಲಿ ಏನಿರಬೇಕು?

ಉತ್ತರ: ಮೂಲ ಕೋಡ್, ದತ್ತಾಂಶ, ವೆಬ್ ವಿಳಾಸ, ಎಸ್‌ಎಂಎಸ್ ಖಾತೆ ಎಲ್ಲವೂ ಸರ್ಕಾರದ ಹೆಸರಿನಲ್ಲಿ. ಕಟ್ಟುವ ಖರ್ಚಿನ ಶೇ 15ರಿಂದ 20ರಷ್ಟು ಪ್ರತಿ ವರ್ಷ ನಿರ್ವಹಣೆಗೆ ತೆಗೆದಿಡಿ. ಉದ್ಘಾಟನೆಗೆ ದುಡ್ಡು ಹುಟ್ಟುತ್ತದೆ, ಮೂರನೇ ವರ್ಷಕ್ಕೆ ಹುಟ್ಟುವುದಿಲ್ಲ. ಮೂರು ತಿಂಗಳಿಗೊಮ್ಮೆ ಇಡೀ ದತ್ತಾಂಶವನ್ನು ಹೊರತೆಗೆಸಿ, ಆ ಕಂಪನಿಯ ನೆರವಿಲ್ಲದೆ ಬೇರೆ ಯಂತ್ರದಲ್ಲಿ ತೆರೆದು ನೋಡಿ. ತೆರೆಯಲಾಗದಿದ್ದರೆ ಆ ಕಂತಿನ ಬಿಲ್ ತಡೆಹಿಡಿಯುವ ಷರತ್ತು ಇರಲಿ.

ಪ್ರಶ್ನೆ: ಇಲಾಖೆಗಳ ಮಾಹಿತಿಯನ್ನೆಲ್ಲ ಒಂದೇ ದೊಡ್ಡ ಕಣಜಕ್ಕೆ ಸುರಿದರೆ ಕೆಲಸ ಸಲೀಸಲ್ಲವೇ?

ಉತ್ತರ: ಬೇಡ. ಸೋರಿದರೆ ಎಲ್ಲವೂ ಒಟ್ಟಿಗೇ ಸೋರುತ್ತದೆ, ತಪ್ಪಾದರೆ ತಿದ್ದುವವರು ಯಾರೆಂದು ತಿಳಿಯುವುದಿಲ್ಲ. 2001ರಲ್ಲಿ ಎಸ್ಟೋನಿಯಾ ತಂದ 'ಎಕ್ಸ್-ರೋಡ್'ನಲ್ಲಿ ಮಾಹಿತಿ ಆಯಾ ಇಲಾಖೆಯಲ್ಲೇ ಉಳಿಯುತ್ತದೆ. ಬೇಕಾದ ಇಲಾಖೆ ಪ್ರಶ್ನೆ ಕಳಿಸುತ್ತದೆ, ಉತ್ತರ ಬರುತ್ತದೆ, ಎರಡಕ್ಕೂ ಡಿಜಿಟಲ್ ಸಹಿ ಮತ್ತು ಸಮಯದ ಮೊಹರು ಬೀಳುತ್ತದೆ. ಈಗ ಅದು ಮುಕ್ತ ತಂತ್ರಾಂಶ. ಕಿರ್ಗಿಸ್ತಾನದ ಇಂಥದ್ದೇ ವ್ಯವಸ್ಥೆ 'ತುಂದುಕ್' ನಿಂತಿರುವುದು ಅದರ ಮೇಲೆ. ಪಿಂಚಣಿ ಕಚೇರಿಗೆ ಬೇಕಾದದ್ದು 'ಈ ವ್ಯಕ್ತಿಗೆ 60 ತುಂಬಿದೆಯೇ' ಎಂಬುದಾದರೆ, ಜನನ ನೋಂದಣಿಯಿಂದ ಹೌದು ಅಥವಾ ಇಲ್ಲ ಎಂಬ ಉತ್ತರ ಬಂದರೆ ಸಾಕು. ಪೂರ್ತಿ ದಾಖಲೆ ಹೋಗಬೇಕಿಲ್ಲ. ಯಾರ ಮಾಹಿತಿಯನ್ನು ಯಾವ ಕಚೇರಿ ಯಾವಾಗ ನೋಡಿತು ಎಂಬ ಪಟ್ಟಿ ಆ ವ್ಯಕ್ತಿಗೇ ಕಾಣುವಂತಿರಲಿ.