ಬಿಗಿತಕ್ಕೆ ಇನ್ನಷ್ಟು ಬಿಗಿತ ಮದ್ದಲ್ಲ

ಗೋಪ್ಯತೆಗಾಗಿ ವಿವರಗಳನ್ನು ಬದಲಿಸಿದ್ದೇನೆ. ಸಲಹೆ ಕೇಳಿ ನನ್ನ ಬಳಿ ಬಂದ ದಂಪತಿಗೆ ಮದುವೆಯಾಗಿ ವರ್ಷ ದಾಟಿದರೂ ಕೂಡುವುದು ಸಾಧ್ಯವಾಗಿರಲಿಲ್ಲ. "ಒಳಗೆ ಗೋಡೆ ಅಡ್ಡ ಬಂದ ಹಾಗಾಗುತ್ತದೆ ಮೇಡಂ" ಎಂದರು ಪತ್ನಿ. ಸ್ತ್ರೀರೋಗ ತಜ್ಞೆ ಪರೀಕ್ಷಿಸಿ, ಅಂಗದಲ್ಲಿ ದೋಷವಿಲ್ಲ, ಸೋಂಕೂ ಇಲ್ಲ ಎಂದಿದ್ದರು. ಅತ್ತೆಯವರು ಮಾತ್ರ ಹಬ್ಬಕ್ಕೊಮ್ಮೆ "ವಿಶೇಷ ಏನಾದರೂ ಉಂಟೇ?" ಎಂದು ಕೇಳುತ್ತಿದ್ದರು.

ಮಾತಿನ ನಡುವೆ ಇನ್ನೊಂದು ಸಂಗತಿ ಹೊರಬಿತ್ತು. ಯಾವುದೋ ವಿಡಿಯೊ ನೋಡಿ ಆಕೆ ದಿನವೂ, ಮೂತ್ರ ತಡೆಯುವಾಗಿನಂತೆ ಕೆಳಗಿನ ಸ್ನಾಯುಗಳನ್ನು ಮತ್ತೆ ಮತ್ತೆ ಬಿಗಿಯುವ ಕೆಗೆಲ್ ವ್ಯಾಯಾಮ ಮಾಡುತ್ತಿದ್ದರು. ಅದು ಹೆರಿಗೆಯ ನಂತರ ಸಡಿಲಗೊಂಡ ಸ್ನಾಯುಗಳಿಗೆಂದು 1948ರಲ್ಲಿ ವೈದ್ಯ ಆರ್ನಾಲ್ಡ್ ಕೆಗೆಲ್ ಪ್ರಚಾರಕ್ಕೆ ತಂದದ್ದು. ಈಕೆಯದು ತದ್ವಿರುದ್ಧ ತೊಂದರೆ.

ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದೆ. ಮುಂದೆ ಹೊಟ್ಟೆಯ ಕೆಳತುದಿಯಲ್ಲಿರುವ ಜಘನಾಸ್ಥಿಯಿಂದ ಹಿಂದಿನ ಬಾಲಮೂಳೆಯವರೆಗೆ ಸ್ನಾಯುಗಳ ಪದರವೊಂದು ಹಾಸಿಕೊಂಡಿದೆ. ಮೂತ್ರನಾಳ, ಯೋನಿ, ಗುದನಾಳ ಅದನ್ನು ಹಾದೇ ಹೊರಬರುತ್ತವೆ. ಕಣ್ಣಿನ ಬಳಿ ಕೈ ಬಂದರೆ ರೆಪ್ಪೆ ಮುಚ್ಚುವಂತೆ, ನೋವಿನ ಭಯಕ್ಕೆ ಈ ಪದರ ತಾನಾಗಿ ಬಿಗಿಯುತ್ತದೆ. ಹಟವಲ್ಲ, ನಾಟಕವೂ ಅಲ್ಲ; ಪತಿಗೆ ಇದನ್ನು ಎರಡು ಸಲ ಹೇಳಬೇಕಾಯಿತು. ಸುಖದ ತುದಿಯಲ್ಲಿ ಲಯಬದ್ಧವಾಗಿ ಮಿಡಿಯುವುದೂ ಇವೇ ಸ್ನಾಯುಗಳು. ಸದಾ ಬಿಗಿದೇ ಇದ್ದರೆ ಮಿಡಿಯುವುದೆಂತು?

ಭಗಾಂಕುರ (ಕ್ಲಿಟೊರಿಸ್) ಎಂದರೆ ಹೊರಗೆ ಕಾಣುವ ತುದಿಯಷ್ಟೇ ಎಂದು ಇಬ್ಬರೂ ತಿಳಿದಿದ್ದರು. ಅದರ ಎರಡು ಕವಲುಗಳು ಜಘನಾಸ್ಥಿಯ ಕಮಾನಿಗೆ ಅಂಟಿಕೊಂಡು ಒಳಗೆ ಚಾಚಿವೆ. ಆಸ್ಟ್ರೇಲಿಯಾದ ಶಸ್ತ್ರವೈದ್ಯೆ ಹೆಲೆನ್ ಓಕಾನೆಲ್ 1998ರಲ್ಲಿ ಇದನ್ನು ವಿವರವಾಗಿ ದಾಖಲಿಸಿದ ಮೇಲೂ ನಮ್ಮ ಪಾಠಗಳಲ್ಲಿ ಅದಕ್ಕೆ ಜಾಗ ಸಿಕ್ಕಿದ್ದು ಅಷ್ಟಕ್ಕಷ್ಟೆ. ಉದ್ರೇಕವಾದಾಗ ಇಲ್ಲಿ ರಕ್ತ ತುಂಬುತ್ತದೆ, ಯೋನಿ ಒದ್ದೆಯಾಗಿ ಒಳಗೆ ಉದ್ದವೂ ಅಗಲವೂ ಆಗುತ್ತದೆ. ಅದಕ್ಕೆ ಸಮಯ ಬೇಕು. ಇವರಲ್ಲಿ ದೀಪ ಆರಿದೊಡನೆ 'ಪ್ರಯತ್ನ' ಶುರುವಾಗುತ್ತಿತ್ತು.

ನನ್ನ ಸಲಹೆ: ಕೆಗೆಲ್ ನಿಲ್ಲಿಸಿ. ಸದ್ಯಕ್ಕೆ ಸಂಭೋಗದ ಪ್ರಯತ್ನವೂ ಬೇಡ. ಗುರಿಯಿಲ್ಲದ ಸ್ಪರ್ಶ ಇರಲಿ. ಮಲಗಿ ಹೊಟ್ಟೆ ಉಬ್ಬುವಂತೆ ಉಸಿರೆಳೆದು, ಮೂತ್ರ ಬಿಡಲು ತೊಡಗುವಾಗಿನಂತೆ ಕೆಳಗಿನ ಸ್ನಾಯುಗಳನ್ನು ಸಡಿಲ ಬಿಡಿ. ಅದು ರೂಢಿಯಾದ ಮೇಲೆ ಉಗುರು ಕತ್ತರಿಸಿ, ಜಾರುವ ಜೆಲ್ (ಲೂಬ್ರಿಕೆಂಟ್) ಹಚ್ಚಿದ ಸ್ವಂತ ಬೆರಳಿನ ತುದಿ ಮಾತ್ರ ಯೋನಿಯೊಳಗೆ; ನೋವಾದರೆ ಅಲ್ಲಿಗೇ ನಿಲ್ಲಿಸಿ. ಮುಂದಿನ ಹಂತಗಳು ಶ್ರೋಣಿ ಸ್ನಾಯುಗಳ, ಅಂದರೆ ಇದೇ ಪದರದ, ಅನುಭವವಿರುವ ಫಿಸಿಯೋಥೆರಪಿಸ್ಟ್ ಮೇಲ್ವಿಚಾರಣೆಯಲ್ಲಿ. ಕೊಬ್ಬರಿ ಎಣ್ಣೆ ಆಗದೇ ಎಂದು ಪತಿ ಕೇಳಿದರು. ಲೇಟೆಕ್ಸ್ ಕಾಂಡೋಮ್ ಬಳಸುವುದಾದರೆ ಬೇಡ, ಎಣ್ಣೆ ತಾಗಿದರೆ ಕಾಂಡೋಮ್ ಹರಿದುಹೋಗಬಹುದು ಎಂದೆ.

ಅತ್ತೆಯವರಿಗೆ ಉತ್ತರಿಸುವ ಹೊಣೆಯನ್ನು ಮಗನಿಗೇ ವಹಿಸಿದೆ.